ಉತ್ತರ ಹೇಳುತ್ತೆ, ಕಾರಣ ಹೇಳಲ್ಲ: ಗೂಢ ಪದಬಂಧದ ಆ್ಯಪ್ ಜೊತೆ ಎರಡು ವರ್ಷ

ದಿನಕ್ಕೊಂದು ಗೂಢ ಪದಬಂಧ (ಸುಳಿವಿನ ಮಾತಿನಲ್ಲೇ ಉತ್ತರವನ್ನು ಅಡಗಿಸಿಡುವ ಪದಬಂಧ) ಕೊಡುವ ಈ ಆ್ಯಪ್ ಎರಡು ವರ್ಷದಿಂದ ನನ್ನ ಫೋನಿನಲ್ಲಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದೇ ಒಂದು ಸುಳಿವು ಓದಿ ಫೋನ್ ಪಕ್ಕಕ್ಕಿಡುತ್ತೇನೆ. ಹಲ್ಲುಜ್ಜುವಾಗ, ಹಾಸಿಗೆ ಮಡಚುವಾಗ ಅದು ತಲೆಯಲ್ಲಿ ಸುತ್ತುತ್ತಿರುತ್ತದೆ.

ಮೊನ್ನೆಯದು ನೋಡಿ (ಕೊನೆಯ ಅಂಕಿ ಉತ್ತರದಲ್ಲಿ ಎಷ್ಟು ಅಕ್ಷರ ಅನ್ನೋದು): ‘ಹಿಂದಕ್ಕೆ ಹೋದ ದಿನ ಹರಿಯುವ ನೀರು (2)’. ಕಳೆದುಹೋದ ಕಾಲದ ಮಾತು ಅನಿಸುತ್ತದೆ, ಅಲ್ವಾ? ಅಲ್ಲ. ‘ದಿನ’ವನ್ನು ಹಿಂದಿನಿಂದ ಓದಿ. ನದಿ! ಇನ್ನೊಂದು, ‘ಹುಡುಕು ರಾಜಾ! (3)’. ಹುಡುಕು ಅಂದರೂ ಅರಸು, ರಾಜ ಅಂದರೂ ಅರಸು. ದಿನವೂ ಆಡುವ ಮಾತು ಹೀಗೆ ಕೈಯಲ್ಲೇ ಮಗ್ಗುಲು ಬದಲಿಸಿದಾಗ ಆಗುವ ಖುಷಿಯೇ ಬೇರೆ.

ಒತ್ತಕ್ಷರಗಳೂ ಒಂದೇ ಚೌಕದಲ್ಲಿ ಸರಿಯಾಗಿ ಕೂರುತ್ತವೆ. ಅದರಲ್ಲಿ ತಕರಾರಿಲ್ಲ.

ಸಿಟ್ಟು ಬರೋದು ‘ಉತ್ತರ ತೋರಿಸು’ ಒತ್ತಿದಾಗ. ಚೌಕಗಳು ತುಂಬಿಕೊಳ್ಳುತ್ತವೆ, ಅಷ್ಟೇ. ಯಾಕೆ ಅಂತ ಒಂದು ಸಾಲೂ ಇರುವುದಿಲ್ಲ. ಒಂದು ದಿನ ಬಂದ ಸುಳಿವು: ‘ಕಮಲದ ನಡುವನ್ನು ಸರದೊಳಗೆ ಪೋಣಿಸಿದರೆ ಯುದ್ಧ (3)’. ಉತ್ತರ ‘ಸಮರ’. ಯುದ್ಧ ಸರಿ, ಕಮಲ ಎಲ್ಲಿ ಹೋಯಿತು? ಸಂಜೆಯವರೆಗೂ ಕಾಡಿತು. ಕೊನೆಗೆ ಕಾಗದದ ಮೇಲೆ ಕ, ಮ, ಲ ಅಂತ ಬಿಡಿಬಿಡಿಯಾಗಿ ಬರೆದೆ. ನಡುವಿನ ‘ಮ’ ಕಣ್ಣಿಗೆ ಬಿತ್ತು. ಅದನ್ನು ‘ಸರ’ದ ಎರಡು ಅಕ್ಷರಗಳ ಮಧ್ಯೆ ಇಟ್ಟೆ. ಸ, ಮ, ರ.

ಅಫ್ರಿಟ್ ಎಂಬ ಹೆಸರಿನಲ್ಲಿ ಪದಬಂಧ ಕಟ್ಟುತ್ತಿದ್ದ ಎ.ಎಫ್. ರಿಚಿ 1949ರಲ್ಲೇ ಇದಕ್ಕೊಂದು ನಿಯಮ ಹಾಕಿಕೊಟ್ಟಿದ್ದಾರೆ. ಸುಳಿವು ಕೊಡುವವರು ಓದುಗರ ದಾರಿ ತಪ್ಪಿಸಬಹುದು, ಆದರೆ ಉತ್ತರಕ್ಕೆ ಬೇಕಾದದ್ದನ್ನು ಮಾತಿನಲ್ಲಿ ಹೇಳಿಯೇ ಇರಬೇಕು. ಕಮಲದ ಸುಳಿವು ಆ ನಿಯಮಕ್ಕೆ ಸರಿಯಾಗಿಯೇ ಇತ್ತು. ಆದರೆ ವಿವರಣೆ ಇಲ್ಲದಿದ್ದರೆ ಹೊಸಬರಿಗೆ ಅದು ಗೊತ್ತಾಗೋದು ಹೇಗೆ? ಸುಮ್ನೆ ಏನೋ ಬರೆದಿದ್ದಾರೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಸುಳಿವು, ಬಲಗಡೆ ಅದನ್ನು ಬಿಡಿಸಿದ ಬಗೆ. ಯಾವ ಪದ ಅರ್ಥ ಕೊಡುತ್ತದೆ, ಯಾವುದು ಅಕ್ಷರ ಕೊಡುತ್ತದೆ, ಯಾವುದು ‘ತಿರುಗಿಸು’, ‘ಒಳಗಿಡು’ ಅಂತ ಹೇಳುತ್ತದೆ ಎಂದು ಬೇರೆ ಬೇರೆ ಗೆರೆ ಎಳೆಯುತ್ತೇನೆ. ಹೀಗೆ ಬರೆಯಲು ಶುರು ಮಾಡಿದ ಮೇಲೆ ‘ಉತ್ತರ ತೋರಿಸು’ ಒತ್ತುವುದು ತುಂಬಾ ಕಡಿಮೆಯಾಗಿದೆ. ಆ್ಯಪ್ ಮೇಲಿನ ಸಿಟ್ಟೂ ಅರ್ಧ ಇಳಿದಿದೆ.

ಚಂದಾ ಕಟ್ಟಿದರೆ ಹಳೆಯ ಪದಬಂಧಗಳೆಲ್ಲ ಸಿಗುತ್ತವೆ. ನಾನಿನ್ನೂ ಕಟ್ಟಿಲ್ಲ. ದಿನಕ್ಕೊಂದು ಬಿಡಿಸುವುದಕ್ಕೇ ನನ್ನ ಸಮಯ ಸಾಲದು, ಅದಕ್ಕಿಂತ ಜಾಸ್ತಿ ಬೇಡ.

ಐದಕ್ಕೆ ನಾಲ್ಕು ಸ್ಟಾರ್. ಉತ್ತರದ ಕೆಳಗೆ ಎರಡು ಸಾಲು ವಿವರಣೆ ಸೇರಿಸಿದ ದಿನ ಐದನೆಯದನ್ನೂ ಕೊಡುತ್ತೇನೆ, ಚಂದಾವನ್ನೂ ಕಟ್ಟುತ್ತೇನೆ.