ಪಿಡಿಬಿ, ಐಪಿಡಿಬಿ, ಪುಡಿಬಿ: ನನ್ನ ಓಟು ಹಳೆಯದಕ್ಕೇ

ಪೈಥಾನ್ ಭಾಷೆಯ ಜೊತೆಗೇ ಬರುವ ಡಿಬಗ್ಗರ್ (ಕೋಡನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕುವ ಸಾಧನ) ಪಿಡಿಬಿಯನ್ನು ಬೈಯುವವರೇ ಜಾಸ್ತಿ. ಬಣ್ಣವಿಲ್ಲ, ಅಂದಚಂದವಿಲ್ಲ ಅಂತ. ಅದೇ ಕೆಲಸಕ್ಕೆ ಬೇರೆಯಾಗಿ ಸಿಗುವ ಐಪಿಡಿಬಿ, ಪುಡಿಬಿ ಎರಡನ್ನೂ ಹಾಕಿಕೊಂಡು ಕೆಲಸ ಮಾಡಿ ನೋಡಿದ ಮೇಲೂ ನನಗೆ ಪಿಡಿಬಿಯೇ ಸಾಕು ಅನ್ನಿಸಿದೆ. ಒಂದೇ ಷರತ್ತು: ಪೈಥಾನ್ 3.13 ಅಥವಾ ಅದಕ್ಕಿಂತ ಹೊಸದು ಇರಬೇಕು.

ಯಾಕೆ ಅಂದ್ರೆ, ಹಳೆಯ ಪಿಡಿಬಿಯಲ್ಲಿ ಒಂದು ವಿಷಯ ತಲೆ ಕೆಡಿಸುತ್ತಿತ್ತು. ಫಂಕ್ಷನ್ ಒಳಗೆ ನಿಂತಿದ್ದೀರಿ ಅಂದುಕೊಳ್ಳಿ. ಬಿಲ್‌ಗಳ ಲಿಸ್ಟ್ ಇದೆ, ಮಿತಿ ಅನ್ನುವ ವೇರಿಯೇಬಲ್ ಇದೆ. ಒಂದೊಂದಾಗಿ ಪ್ರಿಂಟ್ ಮಾಡಿದರೆ ಎರಡೂ ಬರುತ್ತವೆ. ಮಿತಿ ದಾಟಿದ ಬಿಲ್ ಯಾವುದಾದರೂ ಇದೆಯಾ ಅಂತ 'ಎನಿ' (ಒಂದಾದರೂ ನಿಜವೇ ಅಂತ ನೋಡುವ ಫಂಕ್ಷನ್) ಒಳಗೆ ಜನರೇಟರ್, ಅಂದರೆ ಒಂದೊಂದೇ ಬಿಲ್ ತೆಗೆದು ನೋಡುವ ಪುಟ್ಟ ಲೂಪ್ ಬರೆದು ಕೇಳಿ, ನೇಮ್‌ಎರರ್! ಮಿತಿ ಅಂದರೆ ಏನು ಅಂತಲೇ ಗೊತ್ತಿಲ್ಲವಂತೆ. ಈಗಷ್ಟೇ ಅದರ ವ್ಯಾಲ್ಯೂ ತೋರಿಸಿದ್ದು ಇದೇ ಡಿಬಗ್ಗರ್ ಅಲ್ವಾ?

ನಾವು ಟೈಪ್ ಮಾಡಿದ್ದನ್ನು ಪಿಡಿಬಿ ಲೋಕಲ್ (ಫಂಕ್ಷನ್ ಒಳಗಿನ ಹೆಸರುಗಳು), ಗ್ಲೋಬಲ್ (ಇಡೀ ಫೈಲಿನ ಹೆಸರುಗಳು) ಅಂತ ಎರಡು ಬೇರೆ ಡಿಕ್ಷನರಿ ಕೊಟ್ಟು ಓಡಿಸುತ್ತಿತ್ತು. ಜನರೇಟರ್‌ಗೆ ತನ್ನದೇ ಸ್ಕೋಪ್ (ಹೆಸರು ಹುಡುಕುವ ವ್ಯಾಪ್ತಿ). ಅದು ಹೆಸರು ಹುಡುಕಲು ಸೀದಾ ಗ್ಲೋಬಲ್‌ಗೆ ಹೋಗುತ್ತದೆ, ನಡುವಿನ ಫಂಕ್ಷನ್‌ನ ಲೋಕಲ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಸಾಲಲ್ಲಿ ಲಿಸ್ಟ್ ಕಟ್ಟುವ ಲಿಸ್ಟ್ ಕಾಂಪ್ರಹೆನ್ಷನ್‌ಗೂ 3.11ರ ತನಕ ಇದೇ ಪಾಡು. 'ಇಂಟರ್ಯಾಕ್ಟ್' ಕಮಾಂಡ್ ಕೊಟ್ಟರೆ ಎರಡನ್ನೂ ಸೇರಿಸಿದ ಶೆಲ್ ಸಿಗುತ್ತದೆ, ಉತ್ತರವೂ ಬರುತ್ತದೆ. ಆದರೆ ಅಲ್ಲಿ ಒಂದು ವೇರಿಯೇಬಲ್‌ಗೆ ಹೊಸ ವ್ಯಾಲ್ಯೂ ಕೊಟ್ಟರೆ ಅದು ಮೂಲ ಫಂಕ್ಷನ್‌ಗೆ ತಲುಪುವುದಿಲ್ಲ. ತಿದ್ದಿ ಮುಂದೆ ಓಡಿಸಿ ನೋಡೋಣ ಅಂದರೆ ಆಗದು.

ಐಪಿಡಿಬಿಯಲ್ಲಿ ಈ ಕಾಟ ತಪ್ಪೀತು ಅಂದುಕೊಂಡೆ. ಅದೂ ಪಿಡಿಬಿಯ ಮೇಲೇ ಕಟ್ಟಿದ್ದು. ಅದೇ ಎರರ್ ಬಣ್ಣದಲ್ಲಿ ಬಂತು, ಅಷ್ಟೇ. ಕೊನೆಗೆ 3.13ರಲ್ಲಿ ಮೂಲ ಪಿಡಿಬಿಯಲ್ಲೇ ಸರಿಮಾಡಿದರು.

ಅದೇ 3.13ರಲ್ಲಿ, 'ಇಲ್ಲಿ ನಿಲ್ಲು' ಅಂತ ಕೋಡ್‌ನಲ್ಲಿ ಬರೆಯುವ ಬ್ರೇಕ್‌ಪಾಯಿಂಟ್ ಬರೆದ ಸಾಲಿನಲ್ಲೇ ನಿಲ್ಲುವಂತಾಯಿತು. ಮುಂಚೆ ಮುಂದಿನ ಸಾಲಿಗೆ ಹೋಗಿ ನಿಲ್ಲುತ್ತಿತ್ತು. 3.14ರಲ್ಲಿ ಬಣ್ಣವೂ ಬಂತು. ಓಡುತ್ತಿರುವ ಪ್ರೋಸೆಸ್‌ಗೆ ಅದರ ನಂಬರ್ ಕೊಟ್ಟು ಹೊರಗಿನಿಂದ ಅಂಟಿಕೊಳ್ಳುವ ಸೌಲಭ್ಯವೂ ಬಂತು. ನನಗೆ ಬಣ್ಣಕ್ಕಿಂತ ಇದೇ ದೊಡ್ಡದು.

ಐಪಿಡಿಬಿಯ ಟ್ಯಾಬ್ ಕಂಪ್ಲೀಷನ್ (ಟ್ಯಾಬ್ ಒತ್ತಿದರೆ ಹೆಸರು ಪೂರ್ತಿ ಮಾಡುವುದು) ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಯಾವ ಡಿಬಗ್ಗರ್ ತೆರೆಯಬೇಕು ಅಂತ ಹೇಳುವ ಪೈಥಾನ್‌ಬ್ರೇಕ್‌ಪಾಯಿಂಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಅದರ ಹೆಸರಿಟ್ಟು, ಪ್ರೋಗ್ರಾಂ ಓಡುವ ಕಂಟೇನರ್ (ಪ್ರತ್ಯೇಕ ಡಬ್ಬಿಯಂಥ ಪರಿಸರ) ಒಳಗೆ ಐಪಿಡಿಬಿ ಇಲ್ಲದಿದ್ದರೆ ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ. ಸುಮ್ನೆ ಒಂದು ಸಾಲಿನ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಲಾಗ್‌ಗಳ ರಾಶಿಯಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು?

ಪುಡಿಬಿಯದು ಬೇರೆಯೇ ದಾರಿ. ಟರ್ಮಿನಲ್ ತುಂಬಾ ಕೋಡ್, ಬಲಗಡೆ ವೇರಿಯೇಬಲ್, ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ), ಬ್ರೇಕ್‌ಪಾಯಿಂಟ್. ಕಾಲೇಜು ಲ್ಯಾಬ್‌ನಲ್ಲಿ ಟರ್ಬೋ ಸಿ ಬಳಸಿದವರಿಗೆ ತವರಿಗೆ ಬಂದ ಹಾಗಿರುತ್ತದೆ. ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಇರುವ ಕೋಡ್‌ಗೆ ಇದರಷ್ಟು ಚೆಂದ ಇನ್ನೊಂದಿಲ್ಲ. ಪ್ರೋಗ್ರಾಂ ಪ್ರಿಂಟ್ ಮಾಡಿದ್ದು ಮಾತ್ರ ಅದರ ಹಿಂದೆ ಅಡಗುತ್ತದೆ, ನೋಡಲು 'ಓ' ಕೀ ಒತ್ತಬೇಕು. ಟರ್ಮಿನಲ್ಲನ್ನು ಎರಡು ಭಾಗ ಮಾಡಿಕೊಂಡು ಕೂತರೆ ಜಾಗ ಸಾಲದು.

ಪಿಡಿಬಿ ಪ್ಲಸ್ ಪ್ಲಸ್ ಅನ್ನುವ ಇನ್ನೊಂದು ಡಿಬಗ್ಗರ್ ಇದೆ, ಅದು ಇನ್‌ಸ್ಟಾಲ್ ಆದ ಕೂಡಲೇ ಪಿಡಿಬಿಯ ಜಾಗದಲ್ಲಿ ತಾನೇ ಕೂರುತ್ತದೆ. ನನಗೆ ಹಿಡಿಸಲಿಲ್ಲ.

ನನ್ನ ಕೆಲಸ ಬಹುಪಾಲು ಬೇರೆಯವರ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಟರ್ಮಿನಲ್ ತೆರೆದು). ಅಲ್ಲಿ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್, ದೊಡ್ಡ ಐಡಿಇ (ಎಡಿಟರ್, ಡಿಬಗ್ಗರ್ ಎಲ್ಲ ಒಟ್ಟಿಗಿರುವ ತಂತ್ರಾಂಶ) ಅದಕ್ಕೆ ಭಾರ, ಹೊಸದು ಕೊಳ್ಳುವ ದುಡ್ಡು ಈ ವರ್ಷ ಇಲ್ಲ. ಹಾಗಾಗಿ ಪಿಡಿಬಿ. ವೇರಿಯೇಬಲ್ ಹೆಸರು 'ಎನ್' ಆಗಿದ್ದರೆ ಈಗಲೂ ಅದನ್ನು ನೋಡಲು ಹೆಸರಿಗಿಂತ ಮೊದಲು ಆಶ್ಚರ್ಯಸೂಚಕ ಹಾಕಬೇಕು, ಇಲ್ಲವಾದರೆ ಪಿಡಿಬಿ ಅದನ್ನು ತನ್ನ 'ನೆಕ್ಸ್ಟ್' ಕಮಾಂಡ್ ಅಂದುಕೊಂಡು ಮುಂದಿನ ಸಾಲಿಗೆ ಓಡುತ್ತದೆ. ನಿಮ್ಮದೇ ಮಷೀನ್, ನಿಮ್ಮದೇ ಕೋಡ್ ಆದರೆ ಪುಡಿಬಿ ಹಾಕಿಕೊಳ್ಳಿ. ಸರ್ವರ್‌ನಲ್ಲಿ ಇನ್ನೂ 3.11 ಇದ್ದರೆ 'ಇಂಟರ್ಯಾಕ್ಟ್' ಹಿಡಿದುಕೊಂಡೇ ದಿನ ದೂಡಬೇಕು.