ಮೊದಲ ಹಾಡಿನ ಗಂಡಸಿಗೆ ಈ ಕೋಣೆ ಎಷ್ಟು ನೆರವಾಗುತ್ತದೆ? ಇಕೆಬುಕುರೊದ ಕರೋಕೆ ಬಾಕ್ಸ್ ಒಂದರ ವಿಮರ್ಶೆ

ಜಪಾನಿನ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ‘ನಿಜಿಕಾಯ್’ ಎಂಬ ಮಾತು ಹೊಸದಲ್ಲ. ಊಟ, ಪಾನ ಮುಗಿದ ಮೇಲೆ ಅದೇ ಗುಂಪು ಮತ್ತೊಂದು ಕಡೆ ಸೇರುವ ಎರಡನೆಯ ಸುತ್ತು ಅದು. ಬಹಳ ಸಲ ಅದು ನಡೆಯುವುದು ಕರೋಕೆ ಬಾಕ್ಸಿನಲ್ಲಿ, ಅಂದರೆ ಯಂತ್ರ ನುಡಿಸುವ ಸಂಗೀತಕ್ಕೆ ಗುಂಪಾಗಿ ಹಾಡಲು ಬಾಡಿಗೆಗೆ ಸಿಗುವ ಕೋಣೆಯಲ್ಲಿ. ಬಾಗಿಲು ಮುಚ್ಚಿ, ಎಲ್ಲರೂ ಕೋಟು ಕಳಚಿ, ಸೋಫಾದ ಮೇಲೆ ಒತ್ತೊತ್ತಾಗಿ ಕುಳಿತ ಮೇಲೆ ಸ್ವಲ್ಪ ಹೊತ್ತು ಯಾರೂ ಮೈಕ್ ಮುಟ್ಟುವುದಿಲ್ಲ. ಹಾಡು ಆರಿಸುವ ಪರದೆ ಕೈಯಿಂದ ಕೈಗೆ ದಾಟುತ್ತ ಹೋಗಿ ಗುಂಪಿನ ಕಿರಿಯನ ಬಳಿ ನಿಲ್ಲುತ್ತದೆ. ಕಳೆದ ಒಂದು ವರ್ಷದಲ್ಲಿ ಅದು ನಾಲ್ಕು ಸಲ ನನ್ನ ಬಳಿ ನಿಂತಿದೆ. ಆದ್ದರಿಂದ ಟೋಕಿಯೊದ ಇಕೆಬುಕುರೊ ನಿಲ್ದಾಣದ ಹತ್ತಿರ ನಾವು ಸೇರುವ ಬಾಕ್ಸನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ: ಹುರುಪಿನ ಹಾಡಿನಿಂದ ಸಂಜೆಯನ್ನು ಆರಂಭಿಸಬೇಕಾದ ಗಂಡಸಿಗೆ ಇಲ್ಲಿಯ ವ್ಯವಸ್ಥೆ ಎಷ್ಟು ಒದಗಿಬರುತ್ತದೆ?

ನೆರವು ಸ್ವಾಗತದ ಮೇಜಿನಿಂದಲೇ ಆರಂಭವಾಗುತ್ತದೆ. ಎಷ್ಟು ಜನ, ಎಷ್ಟು ಹೊತ್ತು ಎಂದು ಕೇಳಿದ ಮೇಲೆ ಯಂತ್ರ ಯಾವುದು ಬೇಕೆಂದೂ ಕೇಳುತ್ತಾರೆ. ದಾಯಿಚಿಕೋಶೋ ಕಂಪನಿಯ ‘ಡ್ಯಾಮ್’, ಎಕ್ಸಿಂಗ್ ಕಂಪನಿಯ ‘ಜಾಯ್‌ಸೌಂಡ್’ ಎಂಬ ಎರಡು ವ್ಯವಸ್ಥೆಗಳು ಜಪಾನಿನಲ್ಲಿ ಮುಖ್ಯವಾಗಿ ಬಳಕೆಯಲ್ಲಿವೆ. ಮೊದಲ ಹಾಡಿನ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಆದೀತು; ನಾನು ಡ್ಯಾಮ್ ಕೇಳುವುದು ಅದರ ‘ಡೆನ್ಮೋಕು’ ಎಂಬ ಪರದೆ ಕೈಗೆ ರೂಢಿಯಾಗಿದೆ ಎಂಬ ಕಾರಣಕ್ಕೆ ಮಾತ್ರ. ಬಾಡಿಗೆಯನ್ನು ಒಬ್ಬೊಬ್ಬರಿಗೆ ಅರ್ಧ ಗಂಟೆಯ ಲೆಕ್ಕದಲ್ಲಿ ಹಾಕುತ್ತಾರೆ, ಪ್ರತಿಯೊಬ್ಬರೂ ಕನಿಷ್ಠ ಒಂದು ಪಾನೀಯ ತರಿಸಿಕೊಳ್ಳಬೇಕು. ಶುಕ್ರವಾರ ರಾತ್ರಿ ಆರು ಜನ ಎರಡು ಗಂಟೆ ಕುಳಿತಾಗ ನಮಗೆ ತಲಾ ಸುಮಾರು 3,000 ಯೆನ್ ಆಯಿತು. ಟ್ಯಾಂಬೊರಿನ್ ಮತ್ತು ಮರಾಕಾಸ್ ಎಂಬ ಗಿಲಕಿಗಳನ್ನು ಕೇಳಿದರೆ ಹಣವಿಲ್ಲದೆ ಕೊಡುತ್ತಾರೆ. ಕೇಳಿ ತೆಗೆದುಕೊಳ್ಳಿ, ಹಾಡಲು ಸಂಕೋಚಪಡುವವರ ಕೈಗೆ ಗಿಲಕಿ ಬಂದರೆ ಅವರೂ ಮೊದಲ ಹಾಡಿನಲ್ಲೇ ಪಾಲುದಾರರಾಗುತ್ತಾರೆ.

ಮೊದಲ ಸಲ ನಾನು ಆರಿಸಿದ್ದು ಬೀಝ್ ಜೋಡಿಯ ‘ಅಲ್ಟ್ರಾ ಸೋಲ್’. 2001ರಲ್ಲಿ ಫುಕುಒಕಾದಲ್ಲಿ ನಡೆದ ವಿಶ್ವ ಈಜು ಚಾಂಪಿಯನ್‌ಶಿಪ್‌ಗೆ ಬಳಸಿದ ಈ ಹಾಡು ಜಪಾನಿನಲ್ಲಿ ಎಲ್ಲ ವಯಸ್ಸಿನವರಿಗೂ ಗೊತ್ತು, ಪಲ್ಲವಿಯ ತುದಿಯಲ್ಲಿ ಇಡೀ ಕೋಣೆ ಒಟ್ಟಾಗಿ ಕೂಗುವ ಒಂದು ಉದ್ಗಾರವೂ ಇದೆ. ಆ ಉದ್ಗಾರವನ್ನು ನಂಬಿಯೇ ನಾನು ಅದನ್ನು ಆರಿಸಿದ್ದೆ. ಆದರೆ ಉದ್ಗಾರದ ತನಕ ತಲುಪಲು ಆ ಜೋಡಿಯ ಗಾಯಕ ಇನಾಬಾ ಕೋಶಿಯವರ ತಾರಸ್ಥಾಯಿಯ ಜೊತೆಗೆ ಏರಬೇಕು ಎಂಬುದನ್ನು ಮರೆತಿದ್ದೆ. ಹೊರಗಿನ ಚಳಿಯಿಂದ ಬಂದ ಗಂಟಲು, ಅದರ ಮೇಲೆ ತಣ್ಣನೆಯ ಬಿಯರ್. ಪಲ್ಲವಿಯ ಎರಡನೆಯ ಸಾಲಿಗೇ ಸ್ವರ ಒಡೆಯಿತು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆದು, ಆರು ಲೋಟಗಳ ತಟ್ಟೆ ಹಿಡಿದ ಹುಡುಗ ಬಗ್ಗಿ ಒಳಗೆ ಬಂದ. ಎಲ್ಲರ ಗಮನ ಲೋಟಗಳತ್ತ ತಿರುಗಿತು, ಉದ್ಗಾರ ಬರಬೇಕಾದ ಜಾಗದಲ್ಲಿ ನನ್ನದೊಂದೇ ದನಿ ಕೇಳಿಸಿತು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು, ಆದರೆ ಮುಂದಿನ ಹಾಡು ಆರಿಸಲು ಬಹಳ ಹೊತ್ತು ಯಾರೂ ಕೈ ಹಾಕಲಿಲ್ಲ.

ಆ ಮೌನ ನನಗೆ ಪಾಠವಾಯಿತು. ಮೊದಲ ಹಾಡಿನ ಕೆಲಸ ಹಾಡುಗಾರನ ಸಾಮರ್ಥ್ಯವನ್ನು ತೋರಿಸುವುದಲ್ಲ, ಎರಡನೆಯವನಿಗೆ ದಾರಿ ಮಾಡಿಕೊಡುವುದು. ಮೊದಲು ಹಾಡಿದವನು ತುಂಬ ಚೆನ್ನಾಗಿ ಹಾಡಿದರೆ ಮುಂದಿನವನು ಹಿಂಜರಿಯುತ್ತಾನೆ, ಪರದಾಡಿದರೆ ಕೋಣೆಯೇ ಮುದುಡುತ್ತದೆ. ಹೀಗಾಗಿ ಗಂಡಸರು ತಮ್ಮ ‘ಜೂಹಾಚಿಬಾನ್’, ಅಂದರೆ ತಮಗೆ ಅತ್ಯಂತ ಚೆನ್ನಾಗಿ ಒಲಿದ ಹಾಡನ್ನು, ನಾಲ್ಕನೆಯದೋ ಐದನೆಯದೋ ಸರದಿಗೆ ಉಳಿಸಿಕೊಂಡು, ಆರಂಭಕ್ಕೆ ಬೇರೊಂದನ್ನು ಸಿದ್ಧವಾಗಿಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಯಂತ್ರದ ನೆರವು ದೊಡ್ಡದು. ಡೆನ್ಮೋಕುವಿನಲ್ಲಿ ಹಾಡನ್ನು ಕಾದಿರಿಸುವಾಗಲೇ ಅದರ ಶ್ರುತಿಯನ್ನು ಅರ್ಧ ಸ್ವರದ ಅಳತೆಯಲ್ಲಿ ಏರಿಸಬಹುದು, ಇಳಿಸಬಹುದು, ಹಾಡುತ್ತಿರುವಾಗಲೂ ಬದಲಿಸಬಹುದು. ಈಗ ಜನಪ್ರಿಯವಾಗಿರುವ ಮಿಸೆಸ್ ಗ್ರೀನ್ ಆ್ಯಪಲ್‌ನಂತಹ ತಂಡಗಳ ಹಾಡುಗಳು ಸಾಮಾನ್ಯ ಗಂಡು ದನಿಗೆ ನಿಲುಕದಷ್ಟು ಮೇಲಿರುವುದರಿಂದ ಈ ಗುಂಡಿ ಅನಿವಾರ್ಯವೇ ಆಗಿದೆ. ಹಾಗಿದ್ದರೂ ಅದನ್ನು ಒತ್ತಲು ನಾಚುವ ಗಂಡಸರನ್ನು ನೋಡಿದ್ದೇನೆ. ನಾಚಬೇಕಾದ ಕಾರಣವೇ ಇಲ್ಲ. 1971ರಲ್ಲಿ ಕೋಬೆಯಲ್ಲಿ ತಮ್ಮ ಮೊದಲ ಕರೋಕೆ ಯಂತ್ರವನ್ನು ಬಾಡಿಗೆಗೆ ಬಿಟ್ಟ ಇನೊಯೆ ದಾಯಿಸುಕೆ ಅವರು ಅದಕ್ಕೂ ಮುನ್ನ ಪಾನಗೃಹಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು. ಹಾಡುವವನಿಗೆ ಪಕ್ಕವಾದ್ಯ ಹೊಂದಿಕೊಳ್ಳಬೇಕು ಎಂಬ ಆ ಕಸುಬಿನ ನಡೆಯೇ ಇಂದು ಈ ಗುಂಡಿಯ ರೂಪದಲ್ಲಿ ನಮ್ಮ ಕೈಯಲ್ಲಿದೆ. ಒಂದು ಎಚ್ಚರ ಮಾತ್ರ ಬೇಕು: ಹುರುಪಿನ ಹಾಡನ್ನು ಮೂರ್ನಾಲ್ಕು ಮೆಟ್ಟಿಲಿಗಿಂತ ಕೆಳಗಿಳಿಸಿದರೆ ಚರಣ ಮಂದ್ರದಲ್ಲಿ ಹೂತುಹೋಗಿ, ಕೂಗಿನ ಕಾವೆಲ್ಲ ಆರಿಹೋಗುತ್ತದೆ. ಅಷ್ಟು ಇಳಿಸಬೇಕಾಗಿ ಬಂದರೆ ಹಾಡನ್ನೇ ಬದಲಿಸುವುದು ಒಳ್ಳೆಯದು.

ನಾನು ಬದಲಿಸಿ ಆರಿಸಿಕೊಂಡದ್ದು ದಿ ಬ್ಲೂ ಹಾರ್ಟ್ಸ್ ತಂಡದ ‘ಲಿಂಡಾ ಲಿಂಡಾ’. 1987ರ ಈ ಹಾಡಿನ ರಚನೆಯೇ ಮೊದಲ ಹಾಡಿಗೆಂದು ಹೇಳಿ ಮಾಡಿಸಿದಂತಿದೆ. ಆರಂಭದ ಸಾಲುಗಳು ಮೆಲ್ಲಗೆ, ಹೆಚ್ಚುಕಡಿಮೆ ಮಾತಿನ ಎತ್ತರದಲ್ಲೇ ಸಾಗುತ್ತವೆ. ಅಷ್ಟರಲ್ಲಿ ಗಂಟಲು ತೆರೆದುಕೊಳ್ಳುತ್ತದೆ, ಮೈಕನ್ನು ಬಾಯಿಂದ ಎಷ್ಟು ದೂರ ಹಿಡಿಯಬೇಕೆಂಬ ಅಂದಾಜು ಸಿಗುತ್ತದೆ, ಪಕ್ಕದವರು ಹಾಡನ್ನು ಗುರುತಿಸಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆಮೇಲೆ ಒಮ್ಮೆಗೇ ತಾಳ ಅಪ್ಪಳಿಸುತ್ತದೆ. ಪಲ್ಲವಿಯ ಬಹುಭಾಗ ಶೀರ್ಷಿಕೆಯ ಆ ಒಂದೇ ಹೆಸರಾದ್ದರಿಂದ ಜಪಾನಿ ಬರಹದ ಕಾಂಜಿ ಅಕ್ಷರಗಳನ್ನು ಓದಲು ತಡವರಿಸುವ ನನ್ನಂತಹ ವಿದೇಶಿಯೂ ಪರದೆ ನೋಡದೆ, ಸ್ನೇಹಿತರ ಮುಖ ನೋಡುತ್ತ ಹಾಡಬಹುದು. ಎರಡನೆಯ ಭೇಟಿಯಲ್ಲಿ ಶ್ರುತಿಯನ್ನು ಮುಟ್ಟದೆ, ಮೂಲದಲ್ಲಿದ್ದಂತೆಯೇ ಹಾಡಿದೆ. ಮೊದಲ ಪಲ್ಲವಿ ಮುಗಿಯುವ ಮೊದಲೇ ನಮ್ಮ ವಿಭಾಗದ ಮುಖ್ಯಸ್ಥರು ಕುಳಿತಲ್ಲೇ ಜಿಗಿಯುತ್ತ ಟ್ಯಾಂಬೊರಿನನ್ನು ಮೊಣಕಾಲಿಗೆ ಬಡಿಯತೊಡಗಿದರು. ಅತ್ತ ಮೂಲೆಯಲ್ಲಿದ್ದ ತನಾಕಾ-ಸಾನ್ ಎರಡನೆಯ ಮೈಕಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತಾವಾಗಿಯೇ ಹರಿಯುತ್ತಿದ್ದರು. ನಾನು ಹಾಡು ಮುಗಿಸಿದಾಗ ಪರದೆಯ ಮೇಲ್ಭಾಗದಲ್ಲಿ ಮೂರು ಹಾಡುಗಳು ಸರದಿಯಲ್ಲಿ ನಿಂತಿದ್ದವು.

ಹಿರಿಯರೇ ಹೆಚ್ಚಿರುವ ಗುಂಪಿನಲ್ಲಿ ಸಾಯಿಜೊ ಹಿದೆಕಿಯವರ 1979ರ ‘ಯಂಗ್ ಮ್ಯಾನ್’ ಇದಕ್ಕಿಂತ ಸುರಕ್ಷಿತ. ಅಮೆರಿಕದ ವಿಲೇಜ್ ಪೀಪಲ್ ತಂಡದ ‘ವೈ.ಎಂ.ಸಿ.ಎ.’ ಹಾಡಿನ ಜಪಾನಿ ರೂಪವಿದು. ತೋಳುಗಳಿಂದ ಅಕ್ಷರ ಬರೆಯುವ ಆ ಭಂಗಿಗಳನ್ನು ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಆದರೆ ಅದು ಗುಂಪಿನ ಯಾರಾದರೂ ಹಿರಿಯರ ಮೆಚ್ಚಿನ ಹಾಡೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಅವರು ಕಾಯ್ದಿಟ್ಟುಕೊಂಡ ಹಾಡನ್ನು ಕಿರಿಯನು ಮೊದಲೇ ಹಾಡಿಬಿಡುವುದು ಸೌಜನ್ಯವಲ್ಲ.

ಅಂಕ ನೀಡುವ ‘ಸೆಯಿಮಿತ್ಸು ಸಾಯಿತೆನ್’ ವಿಧಾನವನ್ನು ಮೊದಲ ಹಾಡಿಗೆ ಹಾಕಬೇಡಿ. ಸ್ವರದ ಏರಿಳಿತವನ್ನು ಪಟ್ಟಿಗಳಾಗಿ ತೋರಿಸುವ ಆ ವಿಧಾನ ಬಂದೊಡನೆ ಎಲ್ಲರ ಕಣ್ಣು ತಪ್ಪುಗಳ ಮೇಲೆ ನೆಡುತ್ತದೆ. ಅದಕ್ಕಿಂತ ಡೆನ್ಮೋಕುವಿನ ‘ರಿರೆಕಿ’ ವಿಭಾಗ ಉಪಯುಕ್ತ: ಆ ಕೋಣೆಯಲ್ಲಿ ಈಚೆಗೆ ಹಾಡಿದ ಹಾಡುಗಳ ಪಟ್ಟಿ ಅಲ್ಲಿದ್ದು, ಏನೂ ಹೊಳೆಯದಿದ್ದಾಗ ಅದನ್ನೇ ನೋಡುತ್ತ ಹೋದರೆ ಒಂದಲ್ಲ ಒಂದು ಪರಿಚಿತ ಹೆಸರು ಸಿಗುತ್ತದೆ.

ಈ ಬಾಕ್ಸಿನ ಬಗ್ಗೆ ನನ್ನ ಮುಖ್ಯ ದೂರು ಧ್ವನಿಯ ಹೊಂದಾಣಿಕೆಯದು. ಹಿಂದಿನ ಗುಂಪು ಬಿಟ್ಟುಹೋದ ಪ್ರತಿಧ್ವನಿ ಮತ್ತು ಮೈಕ್ ಮಟ್ಟಗಳನ್ನು ಸಿಬ್ಬಂದಿ ಮೊದಲಿನ ಸ್ಥಿತಿಗೆ ತರದೆ ಕೋಣೆ ಒಪ್ಪಿಸುತ್ತಾರೆ. ಮೂರನೆಯ ಭೇಟಿಯಲ್ಲಿ ಮೈಕ್ ಆನ್ ಮಾಡಿದೊಡನೆ ಕಿವಿ ಇರಿಯುವ ಕೀರಲು ದನಿ ಎದ್ದಿತು, ಪದಗಳೆಲ್ಲ ಪ್ರತಿಧ್ವನಿಯಲ್ಲಿ ಕರಗಿಹೋದವು. ನಷ್ಟವೆಲ್ಲ ಮೊದಲು ಹಾಡುವವನದೇ. ಈಗ ನಾನು ಒಳಗೆ ಹೋದೊಡನೆ ಯಂತ್ರದ ಮುಂದೆ ಮಂಡಿಯೂರಿ ಮೈಕ್, ಸಂಗೀತ, ಪ್ರತಿಧ್ವನಿ ಮೂರನ್ನೂ ಸರಿಪಡಿಸುತ್ತೇನೆ. ಪಾನೀಯಗಳು ಬಂದು, ಹುಡುಗ ಬಾಗಿಲೆಳೆದುಕೊಂಡು ಹೋಗುವ ತನಕ ಹಾಡು ಆರಂಭಿಸುವುದಿಲ್ಲ.

ಇಲ್ಲಿಯ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ‘ಹಿತೊಕಾರಾ’, ಅಂದರೆ ಒಬ್ಬರೇ ಬಂದು ಹಾಡುವವರನ್ನು ಆದರದಿಂದ ಕಾಣುವ ರೀತಿ. ವಾರದ ದಿನದ ಮಧ್ಯಾಹ್ನ ಒಂದು ಗಂಟೆ ಹೊತ್ತು ಹಾಡಲು, ಪಾನೀಯವೂ ಸೇರಿ, ನಾನು ಕೊಟ್ಟದ್ದು 1,000 ಯೆನ್‌ಗಿಂತ ಕಡಿಮೆ. ಆ ಒಂದು ಗಂಟೆಯಲ್ಲಿ ಆರು ಹಾಡುಗಳನ್ನು ಬೇರೆ ಬೇರೆ ಶ್ರುತಿಗಳಲ್ಲಿ ಹಾಡಿ ನೋಡಿ, ನನ್ನ ದನಿಗೆ ಹೊಂದಿದ್ದನ್ನು ಫೋನಿನಲ್ಲಿ ಬರೆದಿಟ್ಟುಕೊಂಡೆ. ಮುಗಿಯಲು ಹತ್ತು ನಿಮಿಷವಿದೆ ಎಂದು ಗೋಡೆಯ ಫೋನು ರಿಂಗಣಿಸಿದಾಗ ‘ಅಲ್ಟ್ರಾ ಸೋಲ್’ನ ಶ್ರುತಿಯನ್ನು ಎರಡು ಮೆಟ್ಟಿಲು ಇಳಿಸಿ ಮತ್ತೊಮ್ಮೆ ಹಾಡಿದೆ. ಪಲ್ಲವಿ ಒಡೆಯದೆ ದಡ ಸೇರಿತು. ಮುಂದಿನ ನಿಜಿಕಾಯ್‌ನಲ್ಲಿ ಅದು ನನ್ನ ಮೂರನೆಯ ಹಾಡು.