ಬ್ರ್ಯಾಂಡ್ ಹೆಸರು ನೋಡಿ ಕ್ಲಬ್‌ಗೆ ಟಿಟಿ ಟೇಬಲ್ ತಗೋಬೇಡಿ

ನಿಮ್ಮ ಕ್ಲಬ್‌ಗೆ ಟೇಬಲ್ ಟೆನಿಸ್ ಟೇಬಲ್ ಕೊಳ್ಳುವ ಮಾತು ನಡೆಯುತ್ತಿದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನಾವು ಒಟ್ಟಿಗೆ ಆರು ಟೇಬಲ್ ತಗೊಂಡೆವು. ಎರಡು ವರ್ಷ ತುಂಬುವುದರೊಳಗೆ ನಾಲ್ಕು ಕೆಟ್ಟವು. ಕಂಪನಿಯ ಹೆಸರು ಬರೆಯುವುದಿಲ್ಲ. ಯಾಕಂದ್ರೆ ಅದೇ ಕಂಪನಿಯ ದೊಡ್ಡ ಮಾಡೆಲ್ ಮೇಲೆ ನಾನು ಆಡಿದ್ದೇನೆ, ಅದು ತುಂಬಾ ಚೆನ್ನಾಗಿದೆ. ತಪ್ಪಾಗಿದ್ದು ನಾವು ಹೆಸರನ್ನು ಮಾತ್ರ ನೋಡಿದ್ದರಿಂದ.

ಕೊಳ್ಳುವ ಮೊದಲು ಒಂದು ತಿಂಗಳು ಚರ್ಚೆ ಮಾಡಿದ್ದೆವು. ಬಟರ್‌ಫ್ಲೈ, ಸ್ಟಿಗಾ, ಡೋನಿಕ್, ಯೂಲಾ, ಎಲ್ಲದರ ಹೆಸರೂ ಬಂತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಸಾನ್-ಏ ಕಂಪನಿಯ ಟೇಬಲ್ ಇತ್ತು ಅಂತ ಒಬ್ಬರು ನೆನಪಿಸಿದರು. ಯಾವ ಬ್ರ್ಯಾಂಡ್ ಅಂತ ಅಷ್ಟು ಹೊತ್ತು ಮಾತಾಡಿದವರು, ಹಲಗೆ ಎಷ್ಟು ದಪ್ಪ ಅಂತ ಒಬ್ಬರೂ ಕೇಳಲಿಲ್ಲ.

ಕೊನೆಗೆ ನಮ್ಮನ್ನು ಒಪ್ಪಿಸಿದ್ದು ಮಾರುವವರ ಒಂದೇ ಮಾತು: "ಇದು ಐಟಿಟಿಎಫ್ ಒಪ್ಪಿಗೆ ಇರೋ ಕಂಪನಿ ಸರ್." ದಯವಿಟ್ಟು ಈ ಮಾತು ಕೇಳಿದ ತಕ್ಷಣ ಎಚ್ಚರವಾಗಿ. ಐಟಿಟಿಎಫ್, ಅಂದ್ರೆ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್, ಒಪ್ಪಿಗೆ ಕೊಡುವುದು ಮಾಡೆಲ್‌ಗೆ, ಇಡೀ ಕಂಪನಿಗೆ ಅಲ್ಲ. ಒಪ್ಪಿಗೆ ಸಿಕ್ಕಿರುವ ಟೇಬಲ್‌ಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ, ಮಾಡೆಲ್ ಹೆಸರಿನ ಸಮೇತ. ಐದು ನಿಮಿಷ ನೋಡಿದ್ದರೆ ನಮ್ಮ ಮಾಡೆಲ್ ಅದರಲ್ಲಿ ಇಲ್ಲ ಅಂತ ಗೊತ್ತಾಗುತ್ತಿತ್ತು.

ಮೇಲಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಮನೆಗೆ ಅಂತ ಮಾಡಿದ ಟೇಬಲ್ಲೂ 2.74 ಮೀಟರ್ ಉದ್ದ, 1.525 ಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರ. ಟೂರ್ನಮೆಂಟ್ ಟೇಬಲ್ಲೂ ಅಷ್ಟೇ. ಅದೇ ನೀಲಿ ಬಣ್ಣ, ಅದೇ ಬಿಳಿ ಗೆರೆ, ಪಕ್ಕದಲ್ಲಿ ಅದೇ ಸ್ಟಿಕ್ಕರ್. ಬಗ್ಗಿ ಅಡಿಯಿಂದ ನೋಡಬೇಕು. ದೊಡ್ಡ ಟೂರ್ನಮೆಂಟ್‌ಗಳ ಟೇಬಲ್ ಹಲಗೆ ಸಾಮಾನ್ಯವಾಗಿ 25 ಮಿಲಿಮೀಟರ್ ಇರುತ್ತದೆ. ನಮ್ಮದು 16. ಸುತ್ತ ಅಗಲವಾದ ಕಬ್ಬಿಣದ ಪಟ್ಟಿ ಇದ್ದದ್ದರಿಂದ ದಪ್ಪ ಇರುವ ಹಾಗೆ ಕಾಣುತ್ತಿತ್ತು.

ಮೊದಲ ತಿಂಗಳು ಎಲ್ಲರೂ ಖುಷಿಯಾಗಿದ್ದೆವು. ಆಮೇಲೆ ಮಕ್ಕಳು ಗೊಣಗಲು ಶುರು ಮಾಡಿದರು. ಒಂದು ಸಂಜೆ ಕೋಚ್ ಸ್ಟೀಲ್ ಸ್ಕೇಲ್ ತಂದು ಟೇಬಲ್ ಮೇಲೆ ನಿಲ್ಲಿಸಿ, 30 ಸೆಂಟಿಮೀಟರ್ ಮೇಲಿಂದ ಬಾಲ್ ಬಿಟ್ಟರು. ನಿಯಮದ ಪ್ರಕಾರ ಅದು ಟೇಬಲ್‌ನ ಎಲ್ಲ ಕಡೆಯೂ ಸುಮಾರು 23 ಸೆಂಟಿಮೀಟರ್ ಪುಟಿಯಬೇಕು. ಅಡಿಯಲ್ಲಿ ಕಬ್ಬಿಣದ ಆಧಾರ ಇದ್ದ ಕಡೆ 22 ಬಂತು. ಅಲ್ಲಿಂದ ಒಂದು ಗೇಣು ಆಚೆ ಬಿಟ್ಟರೆ 19. ಸದ್ದೂ ಬೇರೆ. ಒಂದು ಕಡೆ "ಟಕ್" ಅಂತ ಖಡಕ್ಕಾಗಿ ಕೇಳಿದರೆ, ಇನ್ನೊಂದು ಕಡೆ ಖಾಲಿ ಡಬ್ಬ ಬಡಿದ ಹಾಗೆ. ನಾವು ಸುತ್ತ ನಿಂತು ಸುಮ್ಮನೆ ನೋಡುತ್ತಿದ್ದೆವು.

ನನಗೆ ಈಗಲೂ ಬೇಜಾರಾಗುವುದು ಒಂದು ಹುಡುಗಿಯ ವಿಷಯ. ಹನ್ನೆರಡು ವರ್ಷ, ಒಂದು ದಿನವೂ ತಪ್ಪಿಸದೆ ಬರುತ್ತಿದ್ದಳು. ಅವಳ ಬ್ಯಾಕ್‌ಹ್ಯಾಂಡ್ ಮತ್ತೆ ಮತ್ತೆ ನೆಟ್‌ಗೆ ಹೋಗುತ್ತಿತ್ತು. ಕೈ ಸರಿಯಿಲ್ಲ, ಮಂಡಿ ಬಗ್ಗಿಸು, ಬಾಲ್ ನೋಡು ಅಂತ ಎರಡು ತಿಂಗಳು ನಾವೆಲ್ಲ ಹೇಳಿದ್ದೇ ಹೇಳಿದ್ದು. ಪಾಪ, ಅವಳು ಕೆಳಗೆ ಉಳಿಯುವ ಬಾಲ್‌ಗೆ ತಕ್ಕ ಹಾಗೆ ಹೊಡೆತವನ್ನೇ ಬದಲಾಯಿಸಿಕೊಂಡಳು. ಆಮೇಲೆ ಟೂರ್ನಮೆಂಟ್‌ಗೆ ಹೋದಾಗ ಅಲ್ಲಿ 25 ಮಿಲಿಮೀಟರ್ ಟೇಬಲ್. ಮೊದಲ ಪಂದ್ಯದಲ್ಲೇ ಎಲ್ಲ ಹೊಡೆತವೂ ತಡವಾಯಿತು. ಹೊರಗೆ ಬಂದು, "ಸರ್, ಇಲ್ಲಿ ಬಾಲ್ ಬೇಗ ಮೇಲೆ ಬರುತ್ತೆ" ಅಂದಳು. ತಪ್ಪು ಅವಳ ಕೈಯಲ್ಲಿ ಇರಲೇ ಇಲ್ಲ.

ಅಲುಗಾಟದ್ದು ಇನ್ನೊಂದು ಕಥೆ. ಟೂರ್ನಮೆಂಟ್ ಟೇಬಲ್‌ಗಳು ಎಷ್ಟೋ ಸಲ ನೂರು ಕೆಜಿ ದಾಟುತ್ತವೆ. ನಮ್ಮವು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೆ. ಸೊಂಟ ತಾಕಿದರೆ ಸಾಕು, ಜರುಗುತ್ತಿದ್ದವು. ಆಟ ನಡೆಯುವಾಗ ನಿಮ್ಮಿಂದ ಟೇಬಲ್ ಅಲುಗಿದರೆ ಪಾಯಿಂಟ್ ಎದುರಾಳಿಗೆ, ಇದು ನಿಯಮ. ನಮ್ಮ ಒಳ ಪಂದ್ಯಗಳಲ್ಲಿ ಇದಕ್ಕಾಗಿಯೇ ಎಷ್ಟು ಜಗಳ ಆಗಿದೆ ಅಂತ ಲೆಕ್ಕವಿಲ್ಲ.

ಆಮೇಲೆ ಹಲಗೆ ಉಬ್ಬಿತು. ಅದು ಪಾರ್ಟಿಕಲ್ ಬೋರ್ಡ್, ಅಂದ್ರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು, ಅದಕ್ಕೆ ನೀರು ಆಗುವುದಿಲ್ಲ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನೆಟ್ ಹತ್ತಿರ ಎರಡು ಅರ್ಧ ಸೇರುವ ಅಂಚಿನಿಂದ ತೇವ ಒಳಗಿಳಿಯಿತು. ಬೆರಳಾಡಿಸಿದರೆ ಮೆಟ್ಟಿಲಿನ ಹಾಗೆ ಏರು ಗೊತ್ತಾಗುತ್ತಿತ್ತು. ಇದರಲ್ಲಿ ನಮ್ಮ ತಪ್ಪೂ ಇದೆ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ ತಕ್ಷಣ ಒಣಗಿಸಬೇಕಿತ್ತು. ಚಕ್ರಗಳು ಚಿಕ್ಕವು, ಪ್ಲಾಸ್ಟಿಕ್ಕಿನವು. ದಿನಾ ಮಡಚಿ ತಳ್ಳುವ ಕ್ಲಬ್‌ನಲ್ಲಿ ಅವು ಬಾಳಲಿಲ್ಲ, ಒಂದೊಂದಾಗಿ ಸೀಳಿದವು.

ದೂರು ಕೊಟ್ಟಾಗ ವಾರಂಟಿ ಕಾಗದದ ಹಿಂದಿನ ಪುಟ ತೋರಿಸಿದರು. ಚಿಕ್ಕ ಅಕ್ಷರದಲ್ಲಿತ್ತು: ಮನೆ ಬಳಕೆಗೆ ಮಾತ್ರ. ಬಿಲ್ ಕ್ಲಬ್ ಹೆಸರಿನಲ್ಲೇ ಇತ್ತು, ತಂದು ಇಳಿಸಿದ್ದೂ ಕ್ಲಬ್‌ಗೇ. ಆದರೂ ಏನೂ ಸಿಗಲಿಲ್ಲ. ಸದಸ್ಯರು ತಿಂಗಳು ತಿಂಗಳು ಕೊಟ್ಟ ದುಡ್ಡು ಅದು.

ಹಾಗಾಗಿ ಕೇಳಿಕೊಳ್ಳುತ್ತೇನೆ, ಮಾಡೆಲ್ ಹೆಸರು, ಹಲಗೆ ದಪ್ಪ, ಕ್ಲಬ್ ಬಳಕೆಗೂ ವಾರಂಟಿ ಇದೆ ಅನ್ನುವ ಮಾತು, ಈ ಮೂರನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಚಕ್ರ, ಮಡಚುವ ಕೀಲು, ಬೋಲ್ಟು ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಚಿತ್ರ ನೋಡಿ ಆರ್ಡರ್ ಮಾಡಬೇಡಿ. ಬಾಲ್, ಸ್ಕೇಲ್, ಒಂದು ರಸಮಟ್ಟ ತಗೊಂಡು ಹೋಗಿ ಎಂಟು ಹತ್ತು ಕಡೆ ಬಾಲ್ ಬಿಟ್ಟು ನೋಡಿ. ಹಲಗೆ 25 ಮಿಲಿಮೀಟರ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ, ಕೆಳಗಿನ ಫ್ರೇಮ್ ತೆಳುವಾಗಿದ್ದರೆ ಅದೂ ಅಲುಗುತ್ತದೆ. ಒಂದು ಮೂಲೆ ಹಿಡಿದು ಅಲ್ಲಾಡಿಸಿ. ಸುಮ್ನೆ ಸಂಜೆ ಹೊತ್ತು ಆಡುವ ಜಾಗಕ್ಕೆ 22 ಮಿಲಿಮೀಟರ್ ಹಲಗೆ ಸಾಕಾಗಬಹುದು. ಮಕ್ಕಳು ಕಲಿಯುವ ಜಾಗಕ್ಕೆ ಬೇಡ. ದುಡ್ಡು ಕಡಿಮೆ ಇದ್ದರೆ ಆರರ ಬದಲು ಮೂರೇ ತಗೊಳ್ಳಿ. ಕಾಯುವ ಸರದಿ ಉದ್ದ ಆಗುತ್ತದೆ, ಆಗಲಿ.

ನಾವು ಈಗ ಎರಡು ಹೊಸ ಟೇಬಲ್ ತಂದಿದ್ದೇವೆ, ಐಟಿಟಿಎಫ್ ಪಟ್ಟಿಯಲ್ಲಿರುವ ಮಾಡೆಲ್. ಹಳೆಯದರಲ್ಲಿ ಉಳಿದ ಎರಡರ ಮೇಲೆ ಬಾಲ್ ಏಳದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇವೆ, ಹೊಸ ಮಕ್ಕಳು ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳದಿರಲಿ ಅಂತ. ಆ ಹುಡುಗಿ ಬ್ಯಾಕ್‌ಹ್ಯಾಂಡನ್ನು ಮೊದಲಿನಿಂದ ಕಲಿಯುತ್ತಿದ್ದಾಳೆ.